ನಾನು ಟಾಯರ್ ಎಂದು ಓದಿದ ಮಾತು

ಮೊನ್ನೆ ಶಿರಸಿಯಲ್ಲಿ ಯಾವುದೋ ಬಂದ್ ಇತ್ತು. ಯಾರು ಕರೆದದ್ದು, ಯಾತಕ್ಕೆ ಎಂದು ನಾನು ವಿಚಾರಿಸಲಿಲ್ಲ. ಬಸ್ಸಿಲ್ಲದ್ದರಿಂದ ಸಿದ್ದಾಪುರದ ಕಡೆಯ ನನ್ನ ಶಾಲೆಗೆ ಹೋಗುವುದು ತಪ್ಪಿತ್ತು, ಅಷ್ಟೇ. ಎಲ್ಲಾದರೂ ನಾಲ್ಕು ತರಕಾರಿ ಸಿಕ್ಕೀತೇ ಎಂದು ಚೀಲ ಹಿಡಿದು ಪೇಟೆಗೆ ಇಳಿದರೆ, ಸರ್ಕಲ್ಲಿನ ನಡುವೆ ಎರಡು ಹಳೆಯ ಲಾರಿ ಟಾಯರುಗಳನ್ನು ಒಂದರ ಮೇಲೊಂದಿಟ್ಟು ಬೆಂಕಿ ಕೊಟ್ಟಿದ್ದರು. ಕರಿ ಹೊಗೆ ಅಂಗಡಿಗಳ ಮುಚ್ಚಿದ ಬಾಗಿಲಿಗೆ ಬಡಿದು ರಸ್ತೆಗೇ ತಿರುಗುತ್ತಿತ್ತು. ಜನ ಸೆರಗು, ಕರವಸ್ತ್ರ ಮೂಗಿಗೊತ್ತಿ ಓಡೋಡಿ ದಾಟುತ್ತಿದ್ದರು. ನಾನು ನಿಂತುಬಿಟ್ಟೆ. ನಿಂತವಳು ಸುಮ್ಮನೆ ನಿಲ್ಲದೆ ಆ ಹೊಗೆಯನ್ನು ಎದೆ ತುಂಬ ಎಳೆದುಕೊಂಡೆ. ಪೋಲೀಸಿನವನೊಬ್ಬ ಹತ್ತಿರ ಬಂದು, "ಮೇಡಂ, ಆಚೆ ಹೋಗಿ, ಉಸಿರು ಕಟ್ತದೆ" ಎಂದ. ಪಾಪ, ಒಳ್ಳೆಯ ಹುಡುಗ. ಇದು ನನ್ನ ತೌರುಮನೆಯ ವಾಸನೆ ಮಾರಾಯ, ನಲವತ್ತು ವರ್ಷದ ಹಿಂದೆ ಕಟ್ಟಿದ ಉಸಿರು ಇನ್ನೂ ಬಿಟ್ಟಿಲ್ಲ ಎಂದು ಅವನಿಗೆ ಹೇಳಲಾಗುತ್ತದೆಯೇ? ತರಕಾರಿ ಮರೆತು ಮನೆಗೆ ಬಂದೆ. ಬಂದು ಇದನ್ನು ಬರೆಯಲು ಕೂತೆ.

ನಮ್ಮ ಮನೆ ಯಲ್ಲಾಪುರದಲ್ಲಿ, ಅಂಕೋಲೆಗೆ ಇಳಿಯುವ ಹೆದ್ದಾರಿಯ ಮಗ್ಗುಲಲ್ಲಿ ಇತ್ತು. ಮನೆ ಎಂದರೆ ಮುಂದೆ ಅಪ್ಪನ ಟಾಯರ್ ಅಂಗಡಿ, ಹಿಂದೆ ಎರಡು ಕೋಣೆ, ನಡುವೆ ಒಂದು ಗೋಣಿಪರದೆ. ಮರದ ನಾಟಾ ಹೊತ್ತ ಲಾರಿಗಳು ಹುಬ್ಬಳ್ಳಿಯ ಕಡೆಗೆ ಏರುವಾಗ ನಮ್ಮ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಅಪ್ಪ ತೂತಾದ ಟ್ಯೂಬನ್ನು ಅರದಿಂದ ಉಜ್ಜಿ, ರಬ್ಬರಿನ ತುಂಡು ಇಟ್ಟು, ಕಾದ ಅಚ್ಚಿನ ಕೆಳಗೆ ಒತ್ತಿ ಹಿಡಿಯುತ್ತಿದ್ದ. ಆಗ ಏಳುವ ವಾಸನೆ ಸರ್ಕಲ್ಲಿನಲ್ಲಿ ಸುಟ್ಟ ಟಾಯರಿನಷ್ಟು ಘಾಟಲ್ಲ. ಅದರಲ್ಲಿ ಸ್ವಲ್ಪ ಗಂಧಕ, ಸ್ವಲ್ಪ ಸೀಮೆಎಣ್ಣೆ, ಆಮೇಲೆ ಒಂದು ಸಿಹಿ. ಆ ಸಿಹಿಯನ್ನು ನಿಮಗೆ ಹೇಗೆ ವಿವರಿಸಲಿ? ನಿಮ್ಮ ಮನೆಗೂ ಅದರದೇ ಒಂದು ವಾಸನೆ ಇದ್ದೀತು. ಅದನ್ನು ಕಳಕೊಂಡವರಿಗೆ ಹೇಳುವುದೇ ಬೇಡ, ಕಳಕೊಳ್ಳದವರಿಗೆ ಹೇಳಿ ಫಲವಿಲ್ಲ. ಅವ್ವನ ಕೂದಲಿಗೆ ತೆಂಗಿನೆಣ್ಣೆಯ ಜೊತೆ ಆ ವಾಸನೆ ಇತ್ತು. ನನ್ನ ಪಾಟಿಚೀಲಕ್ಕೆ ಇತ್ತು. ದೇವರ ಫೋಟೋದ ಗಾಜಿಗೂ ಇತ್ತು.

ಆ ಮನೆಯಲ್ಲಿ ಟಾಯರ್ ಎಂಬ ಒಂದು ಮಾತಿಗೆ ನೂರು ಅರ್ಥ. ಬಾವಿಗೆ ಇಳಿಸುವ ಕೊಡಪಾನ ಟಾಯರಿನದು. ಅಪ್ಪನ ಕಾಲಿನ ಚಪ್ಪಲಿ ಟಾಯರಿನದು. ಹಸಿ ಕಟ್ಟಿಗೆ ಹೊತ್ತದಿದ್ದರೆ ಅವ್ವ ಒಲೆಗೆ ಟ್ಯೂಬಿನ ಒಂದು ಚೂರು ಇಡುತ್ತಿದ್ದಳು. ಅಂಗಳದಲ್ಲಿ ಸಾಲಾಗಿ ಮಲಗಿಸಿದ ಸವೆದ ಟಾಯರುಗಳಿಗೆ ಮಣ್ಣು ತುಂಬಿ ಡೇರೆ ಗಡ್ಡೆ ನೆಟ್ಟಿದ್ದಳು. ಕೆಂಪು, ಹಳದಿ, ತಟ್ಟೆಯಗಲದ ಹೂಗಳು. ಡೇರೆ ನೋಡಲೆಂದೇ ಲಾರಿ ನಿಲ್ಲಿಸಿದ ಹುಬ್ಬಳ್ಳಿಯ ಡ್ರೈವರನೊಬ್ಬ, "ಅಕ್ಕಾರ, ಒಂದು ಗಡ್ಡಿ ಕೊಡ್ರಿ, ನಮ್ಮ ಮನಿಯಾಕಿ ಖುಷಿ ಆಗ್ತಾಳ್ರಿ" ಎಂದು ಬೇಡಿ ಒಯ್ದದ್ದುಂಟು. ಹೊಟ್ಟೆ ಬಂದ ಗಿರಾಕಿ ಕಂಡರೆ ಅಪ್ಪ, "ಸಾಹುಕಾರ್ರೇ, ಲಾರೀದು ಆಯ್ತು, ಸೊಂಟದ ಟಾಯರಿಗೂ ಗಾಳಿ ಜಾಸ್ತಿ ಆಗಿದೆ, ನೋಡ್ಲಾ?" ಎನ್ನುತ್ತಿದ್ದ. ನಮ್ಮ ಹೆಡ್ ಮಾಸ್ತರ್ರು ನಿವೃತ್ತರಾಗಿ ಮತ್ತೆಲ್ಲೋ ಕೆಲಸಕ್ಕೆ ಸೇರಿದಾಗ, "ಹಳೇದಕ್ಕೆ ಹೊಸ ರಬ್ಬರ್ ಹಾಕಿ ರಸ್ತೆಗೆ ಬಿಟ್ಟಾರೆ, ಅದಕ್ಕೇ ರಿಟಾಯರ್ ಅನ್ನೂದು" ಎಂದು ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕಿದ್ದ. ಅಪ್ಪನಿಗೆ ಇಂಗ್ಲಿಷಿನಲ್ಲಿ ಗೊತ್ತಿದ್ದ ಮಾತುಗಳು ಹತ್ತು ಹದಿನೈದು. ಓದಲು ಒಂದೂ ಬರುತ್ತಿರಲಿಲ್ಲ. ಅವ್ವನಿಗೆ ಕನ್ನಡ ಅಕ್ಷರವೂ ಬಾರದು.

ಓದುವವಳು ನಾನು. ಒಬ್ಬಳೇ ಮಗಳು. ನಮ್ಮ ಕಡೆ ಮಗಳನ್ನೂ ತಂಗೀ ಎಂದೇ ಕರೆಯುವುದು. ಅಪ್ಪನ "ತಂಗೀ" ಎಂಬ ಕೂಗು ಲಾರಿ ಹಾರನ್ನಿನ ನಡುವೆಯೂ ಕೇಳುತ್ತಿತ್ತು. ಐದನೇ ಇಯತ್ತೆಯಲ್ಲಿ ಇಂಗ್ಲಿಷ್ ಶುರುವಾದದ್ದೇ ತಡ, ಟಾಯರಿನ ಮೈಮೇಲೆ ಉಬ್ಬಿದ ಅಕ್ಷರಗಳನ್ನೆಲ್ಲ ಬೆರಳಲ್ಲಿ ಮುಟ್ಟಿ ಓದಿ ಒಪ್ಪಿಸುವುದು ನನ್ನ ಕೆಲಸವಾಯಿತು. ಅದೇ ವರ್ಷ ಅಪ್ಪ ಅಂಗಡಿಗೆ ಬೋರ್ಡು ಬರೆಸಿದ. ಬರೆದವನು ಪೇಟೆಯ ಬಾಬಾಜಾನ್ ಪೇಂಟರ್. ಅವನಿಗೆ ಅಕ್ಷರ ಎಂದರೆ ಚಿತ್ರ, ಅರ್ಥದ ಗೋಜಿಲ್ಲ. ಟಾಯರ್ ಎಂಬುದಕ್ಕೆ ಟಿ, ವಾಯ್, ಆರ್, ಇ ಎಂದು ಬರೆಯುವ ಬದಲು ಟಿ, ಐ, ಆರ್, ಇ ಎಂದು ಬರೆದಿಟ್ಟ. ನಮ್ಮ ಇಂಗ್ಲಿಷ್ ಮಾಸ್ತರ್ರು ಸೈಕಲ್ಲಿಗೆ ಗಾಳಿ ಹಾಕಿಸಲು ಬಂದವರು ಬೋರ್ಡು ನೋಡಿ, "ತಪ್ಪು, ಅಳಿಸು" ಎಂದರು. ಬಾಬಾಜಾನ್ ಬಗ್ಗಲಿಲ್ಲ. "ಸರ್, ವಾಯ್‌ಗೆ ಎರಡು ಕೊಂಬು ಬೇಕು, ಜಾಗ ತಿಂತದೆ. ಐ ಅಂದ್ರೆ ಒಂದೇ ಕಂಬ, ನೀಟ್ ಕಾಣ್ತದೆ. ಅಮೆರಿಕಾದ ಡಬ್ಬಿ ಮೇಲೆ ನಾ ಕಣ್ಣಾರೆ ನೋಡಿದ್ದು, ಹಿಂಗೇ ಬರೀತಾರೆ" ಎಂದ. ಮರುದಿನ ನಾನು ಶಾಲೆಯ ಡಿಕ್ಷನರಿ ತೆಗೆದು ನೋಡಿದೆ. ಬಾಬಾಜಾನ್ ಹೇಳಿದ್ದು ನಿಜ. ಐ ಹಾಕಿದರೂ ಟಾಯರೇ, ಅಮೆರಿಕದವರ ಬರವಣಿಗೆ ಎಂದಿತ್ತು. ಪುಸ್ತಕ ಹಿಡಿದು ಹೋಗಿ ಮಾಸ್ತರ್ರಿಗೆ ತೋರಿಸಿದೆ. ಅವರು ದೊಡ್ಡ ಮನಸ್ಸಿನವರು, ಬೆನ್ನು ತಟ್ಟಿದರು. ಅಪ್ಪ ಎಷ್ಟು ದಿನ ಆ ಕತೆ ಹೇಳಿದನೋ! ಬಂದ ಡ್ರೈವರಿಗೆಲ್ಲ, "ನಮ್ಮ ತಂಗಿ ಮಾಸ್ತರ್ರನ್ನೇ ಗೆದ್ದಳು" ಎಂದದ್ದೇ ಎಂದದ್ದು. ಆ ಡಿಕ್ಷನರಿಯಲ್ಲಿ ಅದೇ ನಾಲ್ಕು ಅಕ್ಷರ ಇನ್ನೊಂದು ಸಲವೂ ಅಚ್ಚಾಗಿತ್ತು, ಬೇರೆ ಅರ್ಥದೊಡನೆ, ಒಂದು ಬೆರಳಗಲ ದೂರದಲ್ಲಿ. ನನಗೆ ಬೇಕಾದದ್ದು ಸಿಕ್ಕಿತ್ತಲ್ಲ, ಅದನ್ನು ಓದಲಿಲ್ಲ.

ನಾನು ಏಳನೇ ಇಯತ್ತೆಯಲ್ಲಿದ್ದಾಗ ಅವ್ವನಿಗೆ ದಮ್ಮು ಶುರುವಾಯಿತು. ನಾಲ್ಕು ಹೆಜ್ಜೆ ಇಟ್ಟರೆ ನಿಲ್ಲುವಳು. ಒಂದು ಕೊಡ ಎತ್ತಿದರೆ ಗೋಡೆ ಹಿಡಿಯುವಳು. "ಯಾಕೋ ಸಾಕಾಗ್ತದೆ ತಂಗೀ" ಎನ್ನುವಳು. ಪೇಟೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಹುಬ್ಬಳ್ಳಿಗೆ ಕರಕೊಂಡು ಹೋಗಿ ಎಂದರು. ಅಪ್ಪ ಅವ್ವನನ್ನು ಗುರುತಿನವನ ಲಾರಿಯಲ್ಲಿ ಕೂರಿಸಿಕೊಂಡು ಹೋದ. ಅಲ್ಲಿಯ ಡಾಕ್ಟರು ಎದೆಯ ಫೋಟೋ ತೆಗೆದು, ಒಂದಿಷ್ಟು ಗುಳಿಗೆ ಕೊಟ್ಟು, "ಚೀಟಿಯೊಳಗ ಎಲ್ಲಾ ಬರದೇನ್ರಿ, ನಿಮ್ಮೂರ ಡಾಕ್ಟರಿಗೆ ಕೊಡ್ರಿ, ಅವರು ತಿಳಿಸಿ ಹೇಳ್ತಾರ್ರಿ" ಎಂದರಂತೆ. ತಿರುಗಿ ಬಂದು ನೋಡಿದರೆ ಊರ ಡಾಕ್ಟರು ತಮ್ಮ ತಾಯಿ ತೀರಿಕೊಂಡರೆಂದು ಊರಿಗೆ ಹೋಗಿದ್ದರು, ಬರುವುದು ಹದಿನೈದು ದಿನ ಎಂದು ಕಂಪೌಂಡರ್ ಹೇಳಿದ. ಹದಿನೈದು ದಿನ ಕಾಯುವ ತಾಳ್ಮೆ ಅಪ್ಪನಿಗೆಲ್ಲಿ? ಮಾಸ್ತರ್ರ ಹತ್ತಿರ ಓದಿಸೋಣ ಎಂದು ಅವ್ವ ಎಂದಳು. ಅಪ್ಪನಿಗೆ ಅದು ಅವಮಾನ. "ಮನೇಲೇ ಇಂಗ್ಲಿಷ್ ಇರೂವಾಗ ಮತ್ತೊಬ್ಬರ ಬಾಗಿಲಿಗೆ ಯಾಕೆ ಹೋಗೂದು? ಎಂತ ಬರ್ದಾರೆ ತಂಗೀ, ಓದು ನೋಡ್ವಾ" ಎಂದು ಲಕೋಟೆ ಹರಿದು ಕಾಗದ ನನ್ನ ಕೈಗಿತ್ತ.

ಸಂಜೆಯ ಹೊತ್ತು. ಅಪ್ಪ ಎಣ್ಣೆಗೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ನಿಂತಿದ್ದ. ಅವ್ವ ಗೋಣಿಪರದೆಯ ಬಳಿ ಮಣೆ ಹಾಕಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು. ಕಾಗದದ ತುಂಬ ಇರುವೆ ಸಾಲು. ಅದರಲ್ಲಿ ನನಗೆ ಗೊತ್ತಾದದ್ದು ಮೂರೋ ನಾಲ್ಕೋ ಮಾತು. ಗೊತ್ತಾಗುವುದಿಲ್ಲ ಅಪ್ಪ ಎಂದು ಒಂದು ಮಾತು ಅಂದಿದ್ದರೆ ಅವನು ಬೈಯುತ್ತಿದ್ದನೇ? ಇಲ್ಲ. ಅಯ್ಯೋ, ಖಂಡಿತ ಇಲ್ಲ. ಮಾಸ್ತರ್ರ ಮನೆ ಅಲ್ಲಿಂದ ಎಷ್ಟು ದೂರವಿತ್ತು, ಹತ್ತು ನಿಮಿಷ. ಆದರೆ ಮಾಸ್ತರ್ರನ್ನು ಗೆದ್ದವಳಿಗೆ ಆ ಮಾತು ನಾಲಿಗೆಗೆ ಬರಲಿಲ್ಲ. ಬೆರಳಿಟ್ಟು ಹುಡುಕಿದೆ. ಒಂದು ಕಡೆ ಕಣ್ಣು ನಿಂತಿತು. ಟಿ, ಐ, ಆರ್, ಇ. ನಮ್ಮ ಬೋರ್ಡಿನ ಅಕ್ಷರಗಳೇ, ಬಾಬಾಜಾನ್ ಬರೆದ ಕ್ರಮದಲ್ಲೇ! ಕೊನೆಗೊಂದು ಎಸ್ ಕೂಡ ಇತ್ತು, ಅಂದರೆ ಒಂದಲ್ಲ, ಬಹಳ ಟಾಯರುಗಳು. ಅದರ ಮುಂದೆ ಸುಲಭ ಎಂಬರ್ಥದ ಮಾತು. ಆಮೇಲೆ ಉಸಿರು. ಕೊನೆಯ ಸಾಲಿನಲ್ಲಿ ಅವಾಯ್ಡ್. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಕೆಟ್ಟವರ ಸಹವಾಸ ಅವಾಯ್ಡ್ ಮಾಡಬೇಕು ಎಂದು ಮಾಸ್ತರ್ರು ಶುದ್ಧಬರಹಕ್ಕೆ ಕೊಟ್ಟಿದ್ದರು. ಅವಾಯ್ಡ್ ಆದ ಮೇಲಿನ ಮಾತು ಗೊತ್ತಿರಲಿಲ್ಲ, ಬಿಟ್ಟುಬಿಟ್ಟೆ. ಗಂಟಲು ಸರಿಮಾಡಿಕೊಂಡು ಹೇಳಿದೆ: "ಟಾಯರಿನಿಂದ ಅವ್ವಗೆ ಸುಲಭದಲ್ಲಿ ದಮ್ಮು ಬರ್ತದಂತೆ. ಟಾಯರಿನಿಂದ ದೂರ ಇರಬೇಕಂತೆ."

ಯಾರಿಗೂ ಸಂಶಯ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಮೂರು ಹೊತ್ತು ಆ ಹೊಗೆಯಲ್ಲೇ ಅನ್ನ ಬೇಯಿಸುವವಳಿಗೆ ದಮ್ಮು ಬಾರದೆ ಇದ್ದೀತೇ? ಅಪ್ಪ ತನ್ನ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. ಅವನ ಮುಖ ಆಗ ಹೇಗಾಯಿತು ಎಂದು ನನಗೆ ಇವತ್ತಿಗೂ ನೆನಪಿದೆ. "ನನ್ನ ಹೊಟ್ಟೆಪಾಡೇ ನಿನ್ನ ಉಸಿರು ತೆಗೀತಾ ಇದೆಯಲ್ಲೇ" ಎಂದ. ಅವ್ವ, "ಬಿಡಿ, ಎಂತ ದೊಡ್ಡ ಮಾತು" ಎಂದು ಎದ್ದು ಒಳಗೆ ಹೋದಳು. ಎರಡೇ ದಿನದಲ್ಲಿ ಅವಳನ್ನು ನಂದೊಳ್ಳಿಯ ದೊಡ್ಡವ್ವನ ಮನೆಗೆ ಕಳಿಸಿದ್ದಾಯಿತು. ದೊಡ್ಡವ್ವ ಅವ್ವನ ಸ್ವಂತ ಅಕ್ಕ. ಗದ್ದೆ, ದನಕರು, ಒಳ್ಳೆಯ ಗಾಳಿ. ಟಾಯರ್ ಎಂಬುದು ಹೆಸರಿಗೂ ಇಲ್ಲದ ಮನೆ. ಹೊರಡುವಾಗ ಅವ್ವ ಡೇರೆ ಗಿಡಗಳಿಗೆ ನೀರು ಹಾಕಲು ಮರೆಯಬೇಡ ಎಂದಳು.

ಅಪ್ಪ ಮತ್ತು ನಾನು ರವಿವಾರ ರವಿವಾರ ನಂದೊಳ್ಳಿಗೆ ಹೋಗುತ್ತಿದ್ದೆವು. ಹೋಗುವ ದಿನ ಅಪ್ಪ ಬೆಳಿಗ್ಗೆ ಎದ್ದವನೇ ಸೀಗೆಪುಡಿಯಲ್ಲಿ ಮೈ ತಿಕ್ಕುತ್ತಿದ್ದ. ತಿಕ್ಕಿ, ನನ್ನ ಮೂಗಿನ ಹತ್ತಿರ ಕೈ ಹಿಡಿದು, "ನೋಡ್ವಾ ತಂಗೀ, ಇನ್ನೂ ಬರ್ತದಾ?" ಎಂದು ಕೇಳುತ್ತಿದ್ದ. ಬರುತ್ತದೆ ಎಂದರೆ ಮತ್ತೆ ತಿಕ್ಕುತ್ತಿದ್ದ. ಉಗುರ ಸಂದಿಯಲ್ಲಿ ನಿಂಬೆಹಣ್ಣು ಉಜ್ಜುತ್ತಿದ್ದ. ಒಗೆದಿಟ್ಟ ಅಂಗಿ ಬೇರೆ ಟ್ರಂಕಿನಲ್ಲಿ. ಇಷ್ಟೆಲ್ಲ ಮಾಡಿಯೂ ಅವನಿಗೆ ಧೈರ್ಯ ಸಾಲದು. ಅವ್ವ ಜಗಲಿಯ ಮೇಲೆ ಕೂತರೆ ಇವನು ಅಂಗಳದ ಆಚೆ ತುದಿಯಲ್ಲಿ ಹಲಸಿನ ಬೇರಿನ ಮೇಲೆ ಕೂರುವನು. ಅಲ್ಲಿಂದಲೇ ಕೂಗಿ ಮಾತು. "ಗುಳಿಗೆ ತಗೊಂಡ್ಯಾ?" "ಹೂಂ." "ದಮ್ಮು?" "ಅಡ್ಡಿಲ್ಲ." ನಾನು ಇಬ್ಬರ ನಡುವೆ ತಿಂಡಿ ತಟ್ಟೆ ಹಿಡಿದು ಓಡಾಡುತ್ತಿದ್ದೆ. ಒಂದು ದಿನ ಅವ್ವ, "ಇಲ್ಲಿ ಬಂದು ಕೂತ್ಕಳಿ, ನಾ ಎಂತ ಮೈಲಿಗೆಯಾ?" ಎಂದು ಕರೆದೇಬಿಟ್ಟಳು. ಅಪ್ಪ ಏಳಲು ನೋಡಿ, ಮತ್ತೆ ಕೂತು, "ಬ್ಯಾಡ. ಚೀಟೀಲಿ ಹಂಗೆ ಬರ್ದಾರೆ" ಎಂದ. ಅದು ಚೀಟಿಯಲ್ಲಿ ಬರೆದದ್ದಲ್ಲ. ನಾನು ಹೇಳಿದ್ದು.

ಮೊದಲ ತಿಂಗಳು ಅವ್ವ ನಿಜವಾಗಿ ಚೇತರಿಸಿಕೊಂಡಳು. ಗುಳಿಗೆಯ ಗುಣ ಇರಬೇಕು. ಅಪ್ಪ ಆನಂದದಲ್ಲಿ ಚಂದಗುಳಿಗೆ ಹೋಗಿ, ಹೇಳಿಕೊಂಡಿದ್ದ ಹರಕೆಯ ಗಂಟೆಯನ್ನು ಗಣಪನಿಗೆ ಕಟ್ಟಿ ಬಂದ. ಊರ ಡಾಕ್ಟರು ತಿರುಗಿ ಬಂದಿದ್ದರು, ಆದರೆ ಗುಣವಾಗುತ್ತಿರುವವಳ ಚೀಟಿಯನ್ನು ಹಿಡಿದು ಹೋಗುವ ಯೋಚನೆ ಯಾರಿಗೆ ಬರುತ್ತದೆ? ಅವ್ವನೂ ಮೈಯಲ್ಲಿ ಜೀವ ಬಂತೆಂದು ಕೆಲಸಕ್ಕೆ ಕೈ ಹಾಕಿದಳು. ಅಕ್ಕನ ಮನೆಯಾದರೂ ಕೂತು ಉಣ್ಣುವುದು ಅವಳ ಜಾಯಮಾನವಲ್ಲ. ಅದು ಭತ್ತದ ಕೊಯ್ಲಿನ ಕಾಲ. ಹೊರೆ ಹೊತ್ತಳು, ಭತ್ತ ತೂರಿದಳು, ದನಕ್ಕೆ ಬಾವಿಯಿಂದ ನೀರು ಹೊತ್ತಳು. ದೊಡ್ಡವ್ವ ತಡೆಯಲಿಲ್ಲ, ಯಾಕೆ ತಡೆಯಬೇಕು? ತಂಗಿಯ ರೋಗ ಟಾಯರಿನದು, ದುಡಿಮೆಯದ್ದಲ್ಲವಲ್ಲ. "ಗಾಳಿ ಹಿಡಿಸಿದೆ, ಮೊದಲಿನ ಹಂಗೇ ಗೇಯ್ತಾಳೆ" ಎಂದು ಅವಳು ಅಪ್ಪನಿಗೆ ಸಂತೋಷದಿಂದ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಒಂದು ಬುಧವಾರ ಬೆಳಿಗ್ಗೆ ಬಾವಿಕಟ್ಟೆಯಿಂದ ಎರಡು ಕೊಡ ಹೊತ್ತು ದಿಬ್ಬ ಏರುತ್ತಿದ್ದವಳು ಅರ್ಧದಲ್ಲಿ ಕೊಡ ಇಳಿಸಿ ಕಲ್ಲಿನ ಮೇಲೆ ಕೂತಳಂತೆ. ಹಿಂದೆ ಬರುತ್ತಿದ್ದ ದೊಡ್ಡವ್ವ ಎಂತಾಯ್ತೇ ಎಂದು ಕೇಳಿದ್ದಕ್ಕೆ "ಸಾಕಾಯ್ತು ಅಕ್ಕಾ" ಎಂದಳಂತೆ. ಅಷ್ಟೇ. ಜೀಪು ತರಲು ಓಡಿದವರು ತಿರುಗಿ ಬರುವ ಮೊದಲೇ ಮುಗಿದಿತ್ತು. ಸುದ್ದಿ ಬಂದಾಗ ಅಪ್ಪ ಅಚ್ಚಿನ ಮುಂದೆ ಇದ್ದ. ಆ ದಿನ ಸೀಗೆಪುಡಿ ಇಲ್ಲ, ನಿಂಬೆಹಣ್ಣು ಇಲ್ಲ, ಇದ್ದ ಅಂಗಿಯಲ್ಲೇ ಓಡಿದ. ಎರಡು ತಿಂಗಳಲ್ಲಿ ಮೊದಲ ಸಲ ಅಂಗಳ ದಾಟಿ ಜಗಲಿ ಹತ್ತಿದ. ಆ ಕರಿ ಕೈಗಳಲ್ಲೇ ಅವಳ ಮುಖ ಹಿಡಿದುಕೊಂಡ. ದೊಡ್ಡವ್ವ ತಂಗಿಯ ತಲೆ ಬಾಚಿ ಮುತ್ತೈದೆಗೆ ಹೂ ಮುಡಿಸುತ್ತಿದ್ದಳು, ನಾನು ಕಂಬ ಹಿಡಿದು ನಿಂತಿದ್ದೆ.

ಅಂಗಡಿ ಮತ್ತೆ ತೆರೆಯಲಿಲ್ಲ. ಅಪ್ಪ ಅಚ್ಚು, ಅರ, ಜಾಕು ಎಲ್ಲವನ್ನೂ ಯಾರು ಯಾರಿಗೋ ಕೊಟ್ಟುಬಿಟ್ಟ. ನಾಟಾ ಡಿಪೋದಲ್ಲಿ ದಿನಗೂಲಿಗೆ ಸೇರಿ ಮರದ ದಿಮ್ಮಿ ಉರುಳಿಸಿದ. ಅವನು ತಮಾಷೆ ಆಡಿದ್ದನ್ನು ಆಮೇಲೆ ನಾನು ಕೇಳಿಲ್ಲ. ಯಾರಾದರೂ ಕೇಳಿದರೆ ಒಂದೇ ಉತ್ತರ: "ನನ್ನ ಟಾಯರ್ ಹೊಗೆ ಕುಡಿದು ಸತ್ತಳು. ನಾನೇ ಕೊಂದಿದ್ದು." ಜನ ಅವನಿಗೆ ಸಮಾಧಾನ ಹೇಳುತ್ತಿದ್ದರು, ನನ್ನ ತಲೆ ಸವರುತ್ತಿದ್ದರು. ನಾನು ತಾಯಿಯಿಲ್ಲದ ಮಗು, ಎಲ್ಲರ ಕರುಣೆಗೆ ಪಾತ್ರಳು.

ಶಿರಸಿಯ ಕಾಲೇಜಿನಲ್ಲಿ ಮೊದಲ ವರ್ಷ. ಇಂಗ್ಲಿಷ್ ಪಾಠದಲ್ಲಿ ಒಬ್ಬ ಮುದುಕಿಯ ಬಗ್ಗೆ ಬರೆದ ಒಂದು ಸಾಲು ಬಂತು: ಶೀ ಟಾಯರ್ಸ್ ಈಜಿಲಿ. ಲೆಕ್ಚರರು ಓದಿಕೊಂಡು ಹೋಗುತ್ತ, ಹಾಗೇ ಸುಮ್ಮನೆ, "ಅಂದರೆ ಬೇಗ ದಣಿಯುತ್ತಾಳೆ, ಸಾಕಾಗುತ್ತದೆ" ಎಂದರು. ಟಿ, ಐ, ಆರ್, ಇ, ಎಸ್. ಅದೇ ಸಂಜೆಯ ಬಸ್ಸಿಗೆ ಯಲ್ಲಾಪುರಕ್ಕೆ ಹೋಗಿ, ಅಪ್ಪ ಡಿಪೋದಿಂದ ಬರುವುದರೊಳಗೆ ಅವನು ಟ್ರಂಕಿನಲ್ಲಿ ಎತ್ತಿಟ್ಟಿದ್ದ ಚೀಟಿ ತೆಗೆದು ಓದಿದೆ. ಈಗ ಎಲ್ಲ ಅಕ್ಷರಗಳೂ ಓದಲು ಬಂದವು. ಬೇಗ ದಣಿಯುತ್ತಾಳೆ, ಏದುಸಿರು ಬರುತ್ತದೆ, ಹೃದಯದ ಕವಾಟ ಕೆಟ್ಟಿದೆ, ಭಾರದ ಕೆಲಸ ಬೇಡ, ತಿಂಗಳೊಳಗೆ ಮತ್ತೆ ಕಳಿಸಿ. ಡಾಕ್ಟರು ಹೊಸದೇನೂ ಬರೆದಿರಲಿಲ್ಲ. ಅವ್ವ ದಿನಾ ಹೇಳುತ್ತಿದ್ದ "ಸಾಕಾಗ್ತದೆ" ಎಂಬುದನ್ನೇ ಇಂಗ್ಲಿಷಿನಲ್ಲಿ ಬರೆದಿದ್ದರು. ಕನ್ನಡದಲ್ಲಿ ಕಿವಿಯ ಹತ್ತಿರವೇ ಹೇಳಿದ್ದು ನನಗೆ ಕೇಳಲಿಲ್ಲ, ಇಂಗ್ಲಿಷಿನಲ್ಲಿ ಬರೆದದ್ದು ತಿಳಿಯಲಿಲ್ಲ. ಚೀಟಿ ಮಡಚಿ ನನ್ನ ಪುಸ್ತಕದಲ್ಲಿಟ್ಟುಕೊಂಡೆ. ಅಪ್ಪ ಬಂದು, "ಎಂತ ತಂಗೀ, ಇಷ್ಟು ದಿಢೀರ್ ಬಂದೆ?" ಎಂದ. ನೆನಪಾಯಿತು, ಬಂದೆ ಎಂದೆ.

ಆಮೇಲೆ ನಾನು ಇಂಗ್ಲಿಷ್ ಮೇಷ್ಟ್ರಾದೆ. ನಗಬೇಡಿ, ಬೇರೆ ಏನಾಗಬೇಕಿತ್ತು? ದೊಡ್ಡ ಡಿಕ್ಷನರಿ ಕೊಂಡ ದಿನ ಮೊದಲು ತೆಗೆದದ್ದು ಆ ಪುಟವನ್ನೇ. ಗಾಲಿಯ ರಬ್ಬರು, ದಣಿವು, ಬೇಸರ. ಹಳೆಯ ಕಾಲದಲ್ಲಿ ಹೆಣ್ಣಿನ ತಲೆಗೆ ಸಿಂಗಾರ ಮಾಡುವುದಕ್ಕೂ ಅದೇ ನಾಲ್ಕು ಅಕ್ಷರವಂತೆ. ಹೂ ಮುಡಿಸುತ್ತಿದ್ದ ದೊಡ್ಡವ್ವನ ಕೈ ಕಣ್ಣೆದುರು ಬಂದು ಪುಸ್ತಕ ಮುಚ್ಚಿದೆ. ವಾಯ್ ಹಾಕಿದರೆ ಸಮುದ್ರದ ದಂಡೆಯ ಒಂದು ಪುರಾತನ ಪಟ್ಟಣದ ಹೆಸರೂ ಹೌದು. ಒಂದು ಚೋಟುದ್ದದ ಪದಕ್ಕೆ ಇಷ್ಟು ಹೊಟ್ಟೆಯೇ ಎಂದು ಶಾಪ ಹಾಕಿದ್ದೇನೆ. ಪ್ರತಿವರ್ಷ ಎಂಟನೆಯ ತರಗತಿಗೆ ಕಲಿಸುತ್ತೇನೆ, ಅವಳು ಎಂದು ಬಂದರೆ ಕ್ರಿಯಾಪದದ ಕೊನೆಗೆ ಎಸ್ ಹಚ್ಚಬೇಕು ಮಕ್ಕಳೇ, ಅದು ಬಹುವಚನ ಅಲ್ಲ. ಈಗ ಪಕ್ಕದ ಮನೆಯ ಏಳು ವರ್ಷದ ಹುಡುಗಿ ಶಾಲೆಯಿಂದ ಬಂದು ಚೀಲ ಎಸೆದು, "ಆಂಟೀ, ಐ ಆಮ್ ಸೋ ಟಯರ್ಡ್" ಎನ್ನುತ್ತಾಳೆ. ಅಷ್ಟು ಹಗುರವಾಗಿ. ಆ ಮಾತು ಗೊತ್ತಿರುವ ಒಂದು ಮಗು ಆ ದಿನ ನಮ್ಮ ಮನೆಯಲ್ಲಿ ಇದ್ದಿದ್ದರೆ ಸಾಕಿತ್ತು.

ಇಷ್ಟಾಗಿಯೂ ಅಪ್ಪನಿಗೆ ಹೇಳಲಿಲ್ಲ. ಇಪ್ಪತ್ತು ವರ್ಷ, ಮೂವತ್ತು ವರ್ಷ. ಅವನು ನನ್ನ ತಪ್ಪನ್ನು ತನ್ನದೆಂದು ಹೊತ್ತು ಬಗ್ಗಿಹೋಗುವುದನ್ನು ನೋಡುತ್ತ, ಅವನಿಗೆ ಚಹಾ ಮಾಡಿಕೊಟ್ಟುಕೊಂಡು, ಔಷಧಿ ಕೊಟ್ಟುಕೊಂಡು ಇದ್ದೆ. ಹೇಳಿದರೆ ಅವನಿಗೆ ಇನ್ನಷ್ಟು ನೋವಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಹೆದರಿಕೆ. ಕಳೆದ ವರ್ಷ ಅವನು ಹಾಸಿಗೆ ಹಿಡಿದ. ಶಿರಸಿಯ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ, "ಮೇಲೆ ಹೋದ ಮೇಲೆ ಅವಳ ಹತ್ರ ಹೆಂಗೆ ಮುಖ ತೋರ್ಸೂದು ತಂಗೀ? ಅಲ್ಲೂ ದೂರವೇ ಕೂರ್ಬೇಕು ನಾನು" ಎಂದ. ಆಗ ನನ್ನಿಂದ ತಡೆಯಲಾಗಲಿಲ್ಲ. ಗಂಜಿ ಬಟ್ಟಲು ಕೆಳಗಿಟ್ಟು ಎಲ್ಲ ಹೇಳಿದೆ. ಚೀಟಿ ತಂದು ಅವನ ಕಣ್ಣ ಮುಂದೆ ಹಿಡಿದು, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು, ಇದು ಟಾಯರ್ ಅಲ್ಲ ಅಪ್ಪ, ಸಾಕಾಗೂದು ಅಂತ, ನಾ ತಪ್ಪು ಓದಿದೆ, ನಿನ್ನ ಹೊಗೆ ಅಲ್ಲ, ನಾನು, ನಾನು ಎಂದು ಅತ್ತೆ.

ಅಪ್ಪ ಚೀಟಿಯನ್ನು ನೋಡಲಿಲ್ಲ, ನೋಡಿದರೂ ಅವನಿಗೆ ಓದಲು ಬಾರದು. ಮೂಳೆ ಎದ್ದ ಕೈ ಎತ್ತಿ ನನ್ನ ಕೆನ್ನೆ ಒರೆಸಿದ. "ಸಾಯೂ ಮನುಷ್ಯಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳಬ್ಯಾಡ್ವಾ" ಎಂದ. "ನೀ ಸರಿಯಾಗೇ ಓದಿದ್ದೆ. ನಂಗೆ ಗೊತ್ತದೆ. ನೀ ತಪ್ಪು ಓದೂದಿಲ್ಲ." ನಾನು ಮತ್ತೆ ಹೇಳಿದೆ, ಅವ್ವನ ಆಣೆ ಇಟ್ಟೆ. ಅವನು ಸಣ್ಣಗೆ ನಕ್ಕು ಕಣ್ಣು ಮುಚ್ಚಿಕೊಂಡ. ಹನ್ನೆರಡು ವರ್ಷದ ನನ್ನನ್ನು ನಂಬಿದವನು ಐವತ್ತು ದಾಟಿದ ನನ್ನನ್ನು ನಂಬಲಿಲ್ಲ. ಅದಾಗಿ ಒಂಬತ್ತು ದಿನ ಬದುಕಿದ್ದ. ಆ ಒಂಬತ್ತು ದಿನದಲ್ಲಿ ಯಾರಾದರೂ ಮಾಸ್ತರ್ರನ್ನೋ ಡಾಕ್ಟರನ್ನೋ ಕರೆತಂದು ಚೀಟಿ ಓದಿಸಬಹುದಿತ್ತು. ಮಗಳು ಹೇಳಿದ್ದು ನಿಜ ಎಂದು ಬೇರೆಯವರ ಬಾಯಿಂದ ಕೇಳಿದ್ದರೆ ಅವನು ನಂಬುತ್ತಿದ್ದನೋ ಏನೋ. ನಾನು ಯಾರನ್ನೂ ಕರೆಯಲಿಲ್ಲ.